ಕೊನೆಯನ್ನು ಮೊದಲೇ ಹೇಳಿ ತೋರಿಸಿದ ಪತ್ತೇದಾರಿ ಸಿನಿಮಾ: ನಾಲ್ಕು ಮಕ್ಕಳ ಒಂದು ಪ್ರಕರಣ

ಜುಲೈ ತಿಂಗಳು. ರೆಡ್ ಅಲರ್ಟ್ ಅಂತ ಮುಂಬೈಯ ಶಾಲೆಗಳಿಗೆಲ್ಲ ರಜೆ. ಮುಲುಂಡಿನ ನಮ್ಮ ಕಟ್ಟಡದ ಗೇಟಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಮಕ್ಕಳು ಆಟಕ್ಕೆ ಇಳಿಯುವಂತಿರಲಿಲ್ಲ, ನಾನು ಪಾಠಕ್ಕೆ ಹೋಗುವಂತಿರಲಿಲ್ಲ. ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಾನು ಟೀಚರ್. ಮಧ್ಯಾಹ್ನದ ಹೊತ್ತಿಗೆ ತಮ್ಮನ ಮಗಳು ಬಂದು ಕೇಳಿದಳು: "ಅತ್ತೆ, ಷರ್ಲಾಕ್ ಹೋಮ್ಸ್ ಸಿನಿಮಾ ಹಾಕ್ತೀಯಾ? ನಾವೆಲ್ಲ ಒಟ್ಟಿಗೆ ಕೂತು ನೋಡ್ತೇವೆ."

ಅವಳು ಹೇಳಿದ್ದು 2009ರ ಸಿನಿಮಾ. ಗೈ ರಿಚಿ ನಿರ್ದೇಶನ, ಪತ್ತೇದಾರ ಹೋಮ್ಸ್ ಆಗಿ ರಾಬರ್ಟ್ ಡೌನಿ ಜೂನಿಯರ್, ಅವನ ಗೆಳೆಯ ಡಾಕ್ಟರ್ ವಾಟ್ಸನ್ ಆಗಿ ಜೂಡ್ ಲಾ. 128 ನಿಮಿಷ. ಹೊಡೆದಾಟ ತುಂಬಾ ಇದೆ ಅಂತ ಮಾತ್ರ ನನಗೆ ನೆನಪಿತ್ತು. "ಇವತ್ತು ಬೇಡ, ಶನಿವಾರ ನೋಡೋಣ" ಅಂದೆ. ಆ ಮೂರು ದಿನಗಳಲ್ಲಿ ನಾನು ಏನು ನೋಡಿದೆ, ಯಾರು ಏನು ಹೇಳಿದರು, ಕೊನೆಗೆ ಏನಾಯಿತು ಅನ್ನುವುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಮಕ್ಕಳ ಹೆಸರು ಬರೆಯುವುದಿಲ್ಲ, ವಯಸ್ಸು ಸಾಕು.

ದೊಡ್ಡವಳಿಗೆ 14. ಹೋಮ್ಸ್ ಕಥೆಗಳನ್ನು ಓದಿಕೊಂಡವಳು. ಕೆಳಗಿನ ಮನೆಯ ಹುಡುಗನಿಗೆ 12. ಅವನ ಅಪ್ಪ ಕುಂದಾಪುರದ ಕಡೆಯವರು, ಹೋಟೆಲ್ ಕೆಲಸ. ತಮ್ಮನ ಮಗನಿಗೆ 9. ಕೆಳಗಿನ ಮನೆಯ ಪುಟ್ಟಿಗೆ 6.

ನನ್ನ ಚಿಂತೆ ಜಾಸ್ತಿ ಇದ್ದದ್ದು 9ರ ಹುಡುಗನ ಬಗ್ಗೆ. ಅದಕ್ಕೆ ಕಾರಣ ಉಂಟು. ಹಿಂದಿನ ವರ್ಷ ಗೆಳೆಯನ ಮನೆಯಲ್ಲಿ ಯಾವುದೋ ದೆವ್ವದ ಸಿನಿಮಾ ನೋಡಲು ಕೂತಿದ್ದ. ಹೆದರಿ ಅರ್ಧಕ್ಕೇ ಎದ್ದು ಬಂದ. ಮನೆಯವರೆಲ್ಲ "ಒಳ್ಳೆಯದಾಯ್ತು, ಪೂರ್ತಿ ನೋಡಲಿಲ್ಲ" ಅಂದೆವು. ಆದರೆ ಮೂರು ವಾರ ದೀಪ ಆರಿಸಲು ಬಿಡಲಿಲ್ಲ. ಪೂರ್ತಿ ನೋಡಿದ ಗೆಳೆಯ ಮಾತ್ರ ಮರುದಿನವೇ ಕ್ರಿಕೆಟ್ ಆಡುತ್ತಿದ್ದ. ಇದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಸರ್ಟಿಫಿಕೇಟ್ ಎಲ್ಲಿಯವರೆಗೆ ಸಹಾಯ ಮಾಡಿತು

ಸ್ವಲ್ಪ ಮಾತ್ರ. ಅಮೆರಿಕದಲ್ಲಿ ಈ ಸಿನಿಮಾಕ್ಕೆ ಪಿಜಿ-13, ಬ್ರಿಟನ್ನಿನಲ್ಲಿ 12ಎ. ಪಿಜಿ-13 ಅಂದರೆ 13ರ ಒಳಗಿನವರ ಅಪ್ಪ ಅಮ್ಮಂದಿರಿಗೆ ಗಟ್ಟಿಯಾದ ಎಚ್ಚರಿಕೆ, ತಡೆ ಅಲ್ಲ. ಆ ಗುರುತು ಹುಟ್ಟಿದ್ದು 1984ರಲ್ಲಿ. ಆ ವರ್ಷದ ಇಂಡಿಯಾನಾ ಜೋನ್ಸ್ ಸಿನಿಮಾದಲ್ಲಿ ಎದೆಯಿಂದ ಹೃದಯ ಕಿತ್ತು ತೆಗೆಯುವ ದೃಶ್ಯ ಇತ್ತು. ಅದನ್ನು ನೋಡಿ ಅಪ್ಪ ಅಮ್ಮಂದಿರು ಗಲಾಟೆ ಮಾಡಿದ್ದೂ ಒಂದು ಕಾರಣ. ಬ್ರಿಟನ್ನಿನ 12ಎ ಪ್ರಕಾರ ಥಿಯೇಟರಿನಲ್ಲಿ 12ರ ಕೆಳಗಿನ ಮಗುವಿನ ಜೊತೆ ದೊಡ್ಡವರು ಇರಲೇಬೇಕು.

ನಮ್ಮಲ್ಲಿ 1952ರ ಸಿನಿಮಾ ಕಾಯ್ದೆಯ ಕೆಳಗೆ ಮೊದಲು ಯು (ಎಲ್ಲರಿಗೂ) ಮತ್ತು ಎ (ದೊಡ್ಡವರಿಗೆ ಮಾತ್ರ) ಎರಡೇ ಇದ್ದವು. 1983ರಲ್ಲಿ ಯುಎ ಬಂತು. 12ರ ಕೆಳಗಿನ ಮಕ್ಕಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ "ಹೆತ್ತವರು ನೋಡಿಕೊಳ್ಳಿ" ಅಂತ ಬಿಟ್ಟದ್ದು ಆ ಗುರುತು. 4ರ ಮಗುವಿಗೂ 11ರ ಮಗುವಿಗೂ ಒಂದೇ ಮಾತು ಹೇಗೆ ಸಾಕಾಗುತ್ತದೆ? 2023ರ ತಿದ್ದುಪಡಿ ಅದನ್ನು ಯುಎ 7+, ಯುಎ 13+, ಯುಎ 16+ ಅಂತ ಮೂರು ಮಾಡಿತು. ಒಳ್ಳೆಯ ಕೆಲಸ. ಆದರೂ ಆ ಗುರುತು ನೋಡಿ ಥಿಯೇಟರಿನವರು ಮಗುವನ್ನು ಹೊರಗೆ ಕಳಿಸುವಂತಿಲ್ಲ. ಅದು ಹೆತ್ತವರಿಗೆ ಹೇಳಿದ ಮಾತು. 18ರ ಕೆಳಗಿನವರನ್ನು ಬಾಗಿಲಲ್ಲೇ ತಡೆಯಬೇಕಾದದ್ದು ಎ ಗುರುತಿನ ಸಿನಿಮಾಕ್ಕೆ ಮಾತ್ರ. ಮನೆಯ ಟಿವಿಗೆ ಬಂದರೆ, ಯು/ಎ 13+ ಮತ್ತು ಅದಕ್ಕೂ ಮೇಲಿನ ಸಿನಿಮಾಗಳಿಗೆ ಬೀಗ ಹಾಕುವ ಸೌಲಭ್ಯವನ್ನು ಓಟಿಟಿಯವರು ಕೊಡಬೇಕು ಅಂತ 2021ರ ನಿಯಮ ಹೇಳುತ್ತದೆ. ಬೀಗ ಕೊಟ್ಟರು ಸರಿ. ಯಾವಾಗ ತೆಗೆಯಬೇಕು ಅನ್ನುವುದು ನನ್ನ ತಲೆಗೇ ಬಂತು.

ಇನ್ನೊಂದು ವಿಷಯ. ಈ ಎಲ್ಲ ಲೆಕ್ಕಗಳೂ ಮಗುವಿಗೆ ಹೋಗಿ ಕೂರಲು ಬೇರೆ ಕೋಣೆ ಇದೆ ಅಂದುಕೊಂಡಿವೆ. ನಮ್ಮದು ಒನ್ ಬಿಎಚ್‌ಕೆ. ಹಾಲಿನಲ್ಲಿ ಟಿವಿ ಹಾಕಿದರೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರಿಗೂ ಸಿನಿಮಾ ಕೇಳುತ್ತದೆ. 14ರವಳಿಗೆ ಹಾಕಿದ್ದು 6ರವಳಿಗೂ ಹಾಕಿದ ಹಾಗೆಯೇ. ಮುಂಬೈಯಲ್ಲಿ ಎಷ್ಟು ಮನೆಗಳಲ್ಲಿ ಬೇರೆ ಕೋಣೆ ಇದೆ, ಹೇಳಿ?

ನೋಟ್‌ಬುಕ್ ಹಿಡಿದು ನೋಡಿದ್ದು

ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬಳೇ ಕೂತು ನೋಡಿದೆ. ರಕ್ತ ಕಡಿಮೆ, ಪೆಟ್ಟು ಜಾಸ್ತಿ. ಶುರುವಿನಲ್ಲೇ ನೆಲಮಾಳಿಗೆಯಲ್ಲಿ ಬಿಳಿ ಬಟ್ಟೆ ತೊಟ್ಟ ಹುಡುಗಿಯನ್ನು ಬಲಿ ಕೊಡಲು ಮಲಗಿಸಿರುತ್ತಾರೆ. ಮಾಡುವವನು ಲಾರ್ಡ್ ಬ್ಲ್ಯಾಕ್‌ವುಡ್. ಅವನಿಗೆ ಗಲ್ಲು ಆಗುತ್ತದೆ. ಸತ್ತ ಅಂತ ವಾಟ್ಸನ್ನೇ ನಾಡಿ ಹಿಡಿದು ಹೇಳುತ್ತಾನೆ. ಆಮೇಲೆ ಸಮಾಧಿ ಒಡೆದಿರುತ್ತದೆ, ಪೆಟ್ಟಿಗೆಯಲ್ಲಿ ಬೇರೆಯವನ ಹೆಣ. ಸತ್ತವನು ಊರಿನಲ್ಲಿ ತಿರುಗುತ್ತಿದ್ದಾನೆ. ಒಬ್ಬರು ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸಾಯುತ್ತಾರೆ, ಇನ್ನೊಬ್ಬರು ಎಲ್ಲರ ಕಣ್ಣೆದುರು ಹೊತ್ತಿ ಉರಿಯುತ್ತಾರೆ. ಕಸಾಯಿಖಾನೆಯಲ್ಲಿ ಕತ್ತರಿಸಿದ ಹಂದಿಗಳ ಸಾಲಿನ ಜೊತೆಗೆ ಒಬ್ಬಳನ್ನು ಸರಪಳಿಯಲ್ಲಿ ತೂಗುಹಾಕಿ ಗರಗಸದ ಕಡೆಗೆ ಬಿಡುತ್ತಾರೆ. ಕೊನೆಯ ಹೊಡೆದಾಟ ಅರ್ಧ ಕಟ್ಟಿದ ಟವರ್ ಬ್ರಿಡ್ಜಿನ ಮೇಲೆ. ಹೋಮ್ಸ್‌ನನ್ನು ಬಟ್ಟೆ ಇಲ್ಲದೆ ಮಂಚಕ್ಕೆ ಕಟ್ಟಿದ ಒಂದು ತಮಾಷೆ ದೃಶ್ಯವೂ ಇದೆ. ಅದು ಹಾಗೇ ದಾಟಿ ಹೋಗುತ್ತದೆ. ನನಗೆ ಅದು ದೊಡ್ಡ ವಿಷಯ ಅನಿಸಲಿಲ್ಲ.

ಎರಡನೇ ಸಲ ನೋಡುವಾಗ ಬೇರೆ ಲೆಕ್ಕ ಬರೆದೆ. ಹೆದರಿಕೆ ಯಾವ ನಿಮಿಷಕ್ಕೆ ಬರುತ್ತದೆ, ಅದಕ್ಕೆ ಉತ್ತರ ಯಾವ ನಿಮಿಷಕ್ಕೆ ಸಿಗುತ್ತದೆ. ಬರೆಯುತ್ತಾ ಹೋದ ಹಾಗೆ ವಿಷಯ ಬಿಚ್ಚಿಕೊಂಡಿತು. ಈ ಸಿನಿಮಾದಲ್ಲಿ ಮಾಟ ಮಂತ್ರ ಯಾವುದೂ ನಿಜವಲ್ಲ. ಎಲ್ಲವೂ ರಾಸಾಯನಿಕ, ಲಂಚ, ಕೈಚಳಕ. ಹೋಮ್ಸ್ ಕೊನೆಗೆ ಒಂದೊಂದನ್ನೂ ಬಿಡಿಸಿ ಹೇಳುತ್ತಾನೆ. ಹೆದರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಸಿನಿಮಾ ಬೇಕಾ? ಆದರೆ ಸತ್ತವನು ಎದ್ದು ಬಂದ ಗುಟ್ಟು ಬಿಚ್ಚುವುದು ಕಟ್ಟಕಡೆಯ ದೃಶ್ಯದಲ್ಲಿ. ಗಲ್ಲಿನಿಂದ ಅಲ್ಲಿಗೆ ಒಂದು ಗಂಟೆಗೂ ಜಾಸ್ತಿ. ಅಷ್ಟು ಹೊತ್ತು ಮಗು ಆ ಹೆದರಿಕೆಯನ್ನು ಹೊತ್ತುಕೊಂಡೇ ಕೂತಿರಬೇಕು. ನಡುವೆ ಎದ್ದು ಹೋದರೆ ಹೆದರಿಕೆ ಮಾತ್ರ ಮನೆಗೆ ಬರುತ್ತದೆ, ಉತ್ತರ ಟಿವಿಯಲ್ಲೇ ಉಳಿಯುತ್ತದೆ. ಹಿಂದಿನ ವರ್ಷ ನಮ್ಮ ಹುಡುಗನಿಗೆ ಆದದ್ದು ಇದೇ ಅಂತ ಆಗ ಹೊಳೆಯಿತು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಹೆದರಿಕೆ ಚಿತ್ರದಲ್ಲಿದೆ. ಉತ್ತರ ಮಾತಿನಲ್ಲಿದೆ. ಅದೂ ಬಿರುಸಾಗಿ ಓಡುವ ಬ್ರಿಟಿಷ್ ಇಂಗ್ಲಿಷಿನಲ್ಲಿ. ಹೊತ್ತಿ ಉರಿಯುವ ಮನುಷ್ಯ ಯಾವ ಭಾಷೆಯ ಮಗುವಿಗೂ ಪೂರ್ತಿ ಅರ್ಥವಾಗುತ್ತಾನೆ. ಅವನು ಮಳೆ ಅಂದುಕೊಂಡದ್ದು ಮಳೆಯಲ್ಲ, ಬೆಂಕಿ ಹತ್ತುವ ದ್ರವ ಅನ್ನುವ ಸಾಲು ಅರ್ಥವಾಗಲು ಇಂಗ್ಲಿಷ್ ಚೆನ್ನಾಗಿ ಬರಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ ಮರಾಠಿ, ಕ್ಲಾಸಿನಲ್ಲಿ ಮಾತ್ರ ಇಂಗ್ಲಿಷ್ ಇರುವ 9ರ ಹುಡುಗನಿಗೆ ಅರ್ಧ ದಾಟಿ ಹೋಗುತ್ತದೆ. ಲಂಡನ್ನಿನಲ್ಲಿ ಕೂತು 12ಎ ಅಂತ ಬರೆದವರು ಈ ಮಗುವಿನ ಲೆಕ್ಕ ಹಾಕಿರಲು ಸಾಧ್ಯವಿಲ್ಲ.

ಪುಟ್ಟಿಯ ವಿಷಯದಲ್ಲಿ ಯೋಚನೆಗೆ ಜಾಗವೇ ಇರಲಿಲ್ಲ. ಮಕ್ಕಳು ಮತ್ತು ಹೆದರಿಕೆಯ ಬಗ್ಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸಣ್ಣ ಮಕ್ಕಳು ಕಣ್ಣಿಗೆ ಭಯಂಕರವಾಗಿ ಕಾಣುವುದಕ್ಕೆ ಹೆದರುತ್ತಾರೆ, "ಇದು ನಿಜ ಅಲ್ಲ" ಅನ್ನುವ ಸಮಾಧಾನ ಅವರಿಗೆ ಅಷ್ಟಾಗಿ ನಾಟುವುದಿಲ್ಲ ಅನ್ನುವುದು ಅವರು ಕಂಡುಕೊಂಡದ್ದು. ಒಂದನೇ ಕ್ಲಾಸಿನ ಮಕ್ಕಳ ಜೊತೆ ದಿನ ಕಳೆದವರಿಗೆಲ್ಲ ಇದು ಗೊತ್ತು. ಪುಟ್ಟಿಗೆ ಉತ್ತರ ಕನ್ನಡದಲ್ಲಿ ಹೇಳಿದರೂ ಪ್ರಯೋಜನವಿಲ್ಲ.

ನೋಟ್‌ಬುಕ್ಕಿನಲ್ಲಿ ನಾನು ಕೆಂಪು ಗೆರೆ ಎಳೆದದ್ದು ಒಂದೇ ಕಡೆ, ಕೊನೆಯ ದೃಶ್ಯಕ್ಕೆ. ಬ್ಲ್ಯಾಕ್‌ವುಡ್ ಹೇಗೆ ಬದುಕಿದ ಅಂತ ತಿಳಿಯಲು ಹೋಮ್ಸ್ ತನ್ನ ಕೋಣೆಯಲ್ಲೇ ನೇತಾಡುತ್ತಿರುತ್ತಾನೆ, ಆರಾಮಾಗಿ ಮಾತಾಡುತ್ತಾನೆ. ದೊಡ್ಡವರಿಗೆ ಅದು ನಗು. ಮಗುವಿಗೆ ಅದು "ಹೀಗೂ ಮಾಡಬಹುದು" ಅನ್ನುವ ಪಾಠ. ಕತ್ತಿ ಗರಗಸಕ್ಕಿಂತ ಇದು ನನ್ನನ್ನು ಜಾಸ್ತಿ ಹೆದರಿಸಿತು. ಯಾಕೆಂದರೆ ಗರಗಸ ನಮ್ಮ ಮನೆಯಲ್ಲಿಲ್ಲ.

ಅಜ್ಜಿಯ ಮಾತು

ತಮ್ಮ "ಅಕ್ಕ, ಮೊಬೈಲಿನಲ್ಲಿ ಅವನು ಇದಕ್ಕಿಂತ ಜಾಸ್ತಿ ನೋಡಿರ್ತಾನೆ, ಸುಮ್ನೆ ಹಾಕು" ಅಂದ. ಅವನ ಹೆಂಡತಿ "ದೊಡ್ಡವರಿಬ್ಬರಿಗೆ ಮಾತ್ರ ಹಾಕಿ ಅಕ್ಕ, ಇವನಿಗೆ ಬೇಡ. ರಾತ್ರಿ ಏಳುವವಳು ನಾನು" ಅಂದಳು. ಅವಳ ಮಾತಿನಲ್ಲೇ ತೂಕ ಜಾಸ್ತಿ ಅನಿಸಿತು.

ಅಮ್ಮ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಾ ಕೂತಿದ್ದಳು. "ನಾವು ಬಯಲಾಟದಲ್ಲಿ ನರಸಿಂಹ ಹೊಟ್ಟೆ ಬಗೆಯುವುದನ್ನು ನೋಡಿದವರು" ಅಂದಳು. "ನಡುರಾತ್ರಿ ಚಂಡೆ ಬಡಿದಾಗ ಚಾಪೆಯಿಂದ ಎದ್ದು ಕೂರುತ್ತಿದ್ದೆವು. ಕೆಂಪು ಬಟ್ಟೆಯನ್ನು ಕರುಳಿನ ಹಾಗೆ ಎಳೆಯುವುದು. ಯಾರಿಗೂ ಜ್ವರ ಬಂದದ್ದಿಲ್ಲ." ನಾನು "ಹಾಗಾದ್ರೆ ಹಾಕಬಹುದು ಅಂತೀಯಾ?" ಅಂತ ಕೇಳಿದೆ. ಅವಳು ಎಲೆ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು. "ಅಲ್ಲ ಮಾರಾಯ್ತಿ, ನಮಗೆ ಕಥೆ ಮೊದಲೇ ಗೊತ್ತಿತ್ತಲ್ಲ. ಪ್ರಹ್ಲಾದನಿಗೆ ಏನೂ ಆಗುವುದಿಲ್ಲ ಅಂತ ಗೊತ್ತಿದ್ದೇ ಹೋಗಿ ಕೂತವರು ನಾವು. ನಿನ್ನ ಈ ಸಿನಿಮಾದಲ್ಲಿ ಅದನ್ನೇ ಅಲ್ವಾ ಅಡಗಿಸಿಡುವುದು?"

ನಾನು ಎರಡು ರಾತ್ರಿ ನೋಟ್‌ಬುಕ್ಕಿನಲ್ಲಿ ಹುಡುಕಿದ್ದು ಅದೇ. ಪತ್ತೇದಾರಿ ಕಥೆ ಉತ್ತರವನ್ನು ಬಚ್ಚಿಟ್ಟೇ ಬದುಕುವುದು. 14ರವಳಿಗೆ ಆ ಬಚ್ಚಿಟ್ಟದ್ದೇ ಖುಷಿ. 9ರವನಿಗೆ ಅದೇ ಹೊರೆ. ಹಾಗಾದರೆ ಅವನಿಗೆ ಮೊದಲೇ ಹೇಳಿಬಿಟ್ಟರೆ?

ಶುಕ್ರವಾರ ರಾತ್ರಿ ಹೀಗೆ ನಿರ್ಧಾರವಾಯಿತು. 14 ಮತ್ತು 12 ಪೂರ್ತಿ ನೋಡಬಹುದು. 9ರವನು ನನ್ನ ಪಕ್ಕದಲ್ಲೇ ಕೂರಬೇಕು, ಗುಟ್ಟು ಮೊದಲೇ ತಿಳಿದಿರಬೇಕು, ಕಸಾಯಿಖಾನೆಯ ದೃಶ್ಯ ಓಡಿಸಿಬಿಡುವುದು, ಅರ್ಧಕ್ಕೆ ಎದ್ದರೆ ಉಳಿದ ಕಥೆಯನ್ನು ನಾನು ಅವತ್ತೇ ಹೇಳಿ ಮುಗಿಸುವುದು. ಪುಟ್ಟಿ ನೋಡುವಂತಿಲ್ಲ. ಸಿನಿಮಾ ಕೆಳಗಿನ ಮನೆಯಲ್ಲಿ, ಪುಟ್ಟಿ ಮೇಲೆ ನಮ್ಮ ಮನೆಯಲ್ಲಿ ಅಜ್ಜಿಯ ಜೊತೆ. ನಡುವೆ ಒಂದು ಸ್ಲ್ಯಾಬ್ ಇದ್ದರೆ ಸದ್ದು ಕೇಳುವುದಿಲ್ಲ. ಕೊನೆಯ ದೃಶ್ಯದಲ್ಲಿ ನಾನು ನಿಲ್ಲಿಸಿ ಮಾತಾಡುವುದು.

ಶನಿವಾರ ಬೆಳಿಗ್ಗೆ ಹುಡುಗನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದೆ: "ಒಬ್ಬ ಸಾಯ್ತಾನೆ, ಎದ್ದು ಬರ್ತಾನೆ. ಅವನು ಸತ್ತೇ ಇಲ್ಲ. ಒಂದು ಗಿಡದ ವಿಷ ಕುಡಿದು ಸತ್ತವನ ಹಾಗೆ ಬಿದ್ದಿರ್ತಾನೆ. ಇದು ನಿನಗೆ, ನನಗೆ ಮಾತ್ರ ಗೊತ್ತು. ಅಕ್ಕನಿಗೆ ಹೇಳಬಾರದು." ಅವನ ಮುಖ ಬದಲಾಯಿತು. ಹೆದರಲು ತಯಾರಾಗಿದ್ದ ಹುಡುಗ ಗುಟ್ಟು ಕಾಯುವ ಹುಡುಗನಾದ.

ಶನಿವಾರ

ಗಲ್ಲಿನ ದೃಶ್ಯದಲ್ಲಿ ನನ್ನ ಕೈ ಹಿಡಿದ. ಆದರೆ ಕಣ್ಣು ಮುಚ್ಚಲಿಲ್ಲ. ವಾಟ್ಸನ್ ನಾಡಿ ನೋಡುವಾಗ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಸಮಾಧಿ ಒಡೆದಾಗ 12ರ ಹುಡುಗ "ಅಯ್ಯೋ" ಅಂತ ದಿಂಬು ಅಪ್ಪಿಕೊಂಡ, ಇವನು ನೆಟ್ಟಗೆ ಕೂತಿದ್ದ. ಹೆಣ ಕಂಡಾಗ ಮಾತ್ರ ಮುಖ ನನ್ನ ತೋಳಿಗೆ ಒತ್ತಿದ.

ಅವನನ್ನು ನಿಜವಾಗಿ ಕಾಡಿದ್ದು ನಾನು ಬರೆದುಕೊಳ್ಳದೇ ಇದ್ದ ಒಂದು ಜೀವ. ವಾಟ್ಸನ್ನನ ನಾಯಿ, ಗ್ಲಾಡ್‌ಸ್ಟೋನ್. ಹೋಮ್ಸ್ ಅದರ ಮೇಲೆ ಪ್ರಯೋಗ ಮಾಡಿ ಅದು ನೆಲದ ಮೇಲೆ ಚಾಚಿಕೊಂಡು ಬಿದ್ದಿರುತ್ತದೆ. "ಸತ್ತಿತಾ ಅತ್ತೆ?" ಇಲ್ಲ ಅಂದೆ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮನುಷ್ಯರು ಅಷ್ಟು ಜನ ಬಿದ್ದರೂ ಕೇಳದವನು ನಾಯಿಗಾಗಿ ಮೂರು ಸಲ ಕೇಳಿದ. ನಮ್ಮ ಗೇಟಿನಲ್ಲಿ ಮಳೆಗೆ ನೆನೆಯುವ ಒಂದು ನಾಯಿಗೆ ಅವನು ದಿನಾ ಬಿಸ್ಕೆಟ್ ಹಾಕುತ್ತಾನೆ. ಅದು ನನಗೆ ಮೊದಲೇ ನೆನಪಾಗಬೇಕಿತ್ತು.

ಟವರ್ ಬ್ರಿಡ್ಜಿನ ಮೇಲೆ ಹೋಮ್ಸ್ ಒಗಟು ಬಿಡಿಸುವಾಗ ನಾನು ಮೂರು ಸಲ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ದೊಡ್ಡವಳಿಗೆ ಸಿಟ್ಟು ಬಂತು. "ಮಜಾ ಹೋಗ್ತದೆ ಅತ್ತೆ" ಅಂದಳು. ಅವಳು ಹೇಳಿದ್ದು ಸರಿ. ಅವಳ ಮಜಾ ಕಡಿಮೆಯಾಯಿತು. ಅವಳಿಗೆ ಬೇರೆ ದಿನ ಬೇರೆಯಾಗಿ ಹಾಕಬೇಕಿತ್ತು ಅಂತ ಈಗ ಅನಿಸುತ್ತದೆ.

ಕೊನೆಯ ದೃಶ್ಯದಲ್ಲಿ ಟಿವಿ ನಿಲ್ಲಿಸಿ ಮೂವರ ಮುಖ ನೋಡಿ ಹೇಳಿದೆ. "ನಟನ ಭಾರವನ್ನು ಬೇರೆ ಕಟ್ಟುಗಳು ಹೊತ್ತಿವೆ, ಸುತ್ತ ಹತ್ತಾರು ಜನ ನಿಂತಿರ್ತಾರೆ. ಕುತ್ತಿಗೆಗೆ ಹಗ್ಗ, ದುಪ್ಪಟ್ಟಾ, ಬೆಲ್ಟು, ಯಾವುದೂ ಆಟ ಅಲ್ಲ. ತಮಾಷೆಗೂ ಬೇಡ, ಒಂದು ಕ್ಷಣಕ್ಕೂ ಬೇಡ." 12ರ ಹುಡುಗ "ಗೊತ್ತು ಆಂಟಿ" ಅಂದ. ಗೊತ್ತಿದ್ದರೂ ಹೇಳಲೇಬೇಕಾದ ಮಾತು ಅದು.

ನಾನು ತಪ್ಪಿದ ಎರಡು ಕಡೆ

ಭಾನುವಾರ ಹುಡುಗ ಸ್ನಾನಕ್ಕೆ ಹೋದವನು ಬಾಗಿಲು ಹಾಕಲಿಲ್ಲ. ಸೋಮವಾರವೂ ಇಲ್ಲ. "ಅಮ್ಮ, ಅಲ್ಲೇ ನಿಂತಿರು" ಅಂತ ಒಳಗಿಂದ ಕರೆಯುವುದು. ತೊಟ್ಟಿಯಲ್ಲಿ ಮುಳುಗಿ ಸತ್ತವರ ಗುಟ್ಟನ್ನು ಬಾಲ್ಕನಿಯಲ್ಲಿ ನಾನು ಹೇಳಿರಲಿಲ್ಲ. ಟವರ್ ಬ್ರಿಡ್ಜಿನ ಗಡಿಬಿಡಿಯಲ್ಲಿ ಹೇಳಿದ್ದು ಅವನಿಗೆ ಕೂತಿರಲಿಲ್ಲ. ಅವನನ್ನು ಬಚ್ಚಲಿಗೇ ಕರೆದುಕೊಂಡು ಹೋದೆ. ಬಕೆಟ್ ತೋರಿಸಿದೆ, ಮಗ್ ತೋರಿಸಿದೆ. "ಆ ಮನುಷ್ಯನ ನೀರಿಗೆ ಮೈ ಮರಗಟ್ಟಿಸುವ ವಸ್ತು ಸೇರಿಸಿದ್ರು. ಅದನ್ನು ಯಾರೋ ಮನೆಯೊಳಗೆ ಬಂದು ಮಾಡಬೇಕು. ನಮ್ಮ ಬಕೆಟಿಗೆ ನೀರು ತುಂಬಿಸುವವರು ಯಾರು?" "ಅಮ್ಮ" ಅಂದ. ಸ್ವಲ್ಪ ಹೊತ್ತು ನಲ್ಲಿಯನ್ನೇ ನೋಡುತ್ತಾ ನಿಂತ. ಬುಧವಾರದಿಂದ ಬಾಗಿಲು ಹಾಕಿಕೊಂಡ. ಹಿಂದಿನ ವರ್ಷದ ಮೂರು ವಾರ ಈ ಸಲ ಮೂರು ದಿನಕ್ಕೆ ಇಳಿದಿತ್ತು.

ಎರಡನೆಯದು ದೊಡ್ಡ ತಪ್ಪು. ಸಿನಿಮಾದಲ್ಲಿ ಹೋಮ್ಸ್ ಹೊಡೆಯುವ ಮೊದಲು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ನಿಧಾನ ಚಲನೆಯಲ್ಲಿ ಒಂದೊಂದು ಪೆಟ್ಟೂ ಕಾಣುತ್ತದೆ: ಮೊದಲು ಗಮನ ತಪ್ಪಿಸು, ಆಮೇಲೆ ಎರಡೂ ಕಿವಿಗೆ ಅಂಗೈಯಿಂದ ಬಡಿ, ಆಮೇಲೆ ದವಡೆ, ಪಕ್ಕೆಲುಬು. ರಕ್ತ ಇಲ್ಲ ಅಂತ ನಾನು ನೋಟ್‌ಬುಕ್ಕಿನಲ್ಲಿ ಅದಕ್ಕೆ ಹಗುರ ಗುರುತು ಹಾಕಿದ್ದೆ. ಮಂಗಳವಾರ ಸಂಜೆ ಮೆಟ್ಟಿಲ ಬಳಿ 12ರ ಹುಡುಗ ಕರವಸ್ತ್ರ ಎಸೆದು, ನಮ್ಮ ಹುಡುಗನ ಎರಡೂ ಕಿವಿಗೆ ಫಟ್ ಅಂತ ಬಡಿದ. ಹುಡುಗ ಕಿವಿ ಹಿಡಿದು ಕುಸಿದ. ಅರ್ಧ ಗಂಟೆ ಗುಂಯ್ ಅನ್ನುತ್ತಿತ್ತು. ಡಾಕ್ಟರು ನೋಡಿ ಕಿವಿಯ ತಮಟೆಗೆ ಏನೂ ಆಗಿಲ್ಲ ಅಂದರು. ಇನ್ನಷ್ಟು ಜೋರಾಗಿ ಬಿದ್ದಿದ್ದರೆ ಹರಿಯಬಹುದಿತ್ತು ಅಂತಲೂ ಹೇಳಿದರು.

ಆಲ್ಬರ್ಟ್ ಬಂಡೂರ 1961ರಲ್ಲಿ ಮಾಡಿದ ಪ್ರಯೋಗವನ್ನು ನಾನು ಟೀಚರ್ ಟ್ರೈನಿಂಗಿನಲ್ಲಿ ಓದಿದ್ದೆ. ದೊಡ್ಡವರು ಗಾಳಿ ತುಂಬಿದ ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ಹಾಗೇ ಹೊಡೆದರು. 1963ರಲ್ಲಿ ಅದನ್ನೇ ಫಿಲ್ಮಿನಲ್ಲಿ ತೋರಿಸಿದರೂ ಹೊಡೆದರು. ಓದಿ ಪರೀಕ್ಷೆ ಬರೆದಿದ್ದೆ. ಮನೆಯಲ್ಲಿ ಲೆಕ್ಕ ಹಾಕುವಾಗ ನೆನಪಾಗಲಿಲ್ಲ. ಹೆದರುವ ಮಗುವನ್ನೇ ನೋಡುತ್ತಾ ಕೂತ ನನಗೆ, ಹೆದರದ ಮಗು ಏನು ಕಲಿಯುತ್ತಿದೆ ಅಂತ ಕಾಣಲಿಲ್ಲ.

12ರ ಹುಡುಗನನ್ನು ಬೈಯಲಿಲ್ಲ. ಆ ದೃಶ್ಯ ಮತ್ತೆ ಹಾಕಿ, ಚಿತ್ರ ನೋಡದೆ ಮಾತು ಮಾತ್ರ ಕೇಳು ಅಂದೆ. ಹೊಡೆತಗಳ ಲೆಕ್ಕ ಮುಗಿದ ಮೇಲೆ ಹೋಮ್ಸ್ ಹೇಳುತ್ತಾನೆ: ಎಷ್ಟು ಪಕ್ಕೆಲುಬು ಮುರಿದವು, ಮೈ ಸರಿಯಾಗಲು ಆರು ವಾರ, ಮನಸ್ಸು ಸರಿಯಾಗಲು ಆರು ತಿಂಗಳು. ಇಲ್ಲೂ ಅದೇ ಕಥೆ. ಪೆಟ್ಟು ಚಿತ್ರದಲ್ಲಿ, ಅದರ ನೋವು ಮಾತಿನಲ್ಲಿ. "ಆರು ತಿಂಗಳು ಅಂದ್ರೆ ಎಲ್ಲಿವರೆಗೆ?" ಅಂತ ಕೇಳಿದೆ. ಬೆರಳು ಮಡಚಿ ಎಣಿಸಿದ. "ಜನವರಿ." ಆಮೇಲೆ ತಾನಾಗಿ ಮೇಲೆ ಬಂದು ನಮ್ಮ ಹುಡುಗನ ಪಕ್ಕ ಕೂತ. ಏನೂ ಹೇಳಲಿಲ್ಲ. ಕೇರಂ ಬೋರ್ಡ್ ತಂದಿದ್ದ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ರಕ್ತಕ್ಕೆ ಬೇರೆ ಜಾಗ ಇಲ್ಲ. ಹೆದರಿಕೆ ಎಲ್ಲಿ, ಅದರ ಉತ್ತರ ಯಾವ ಭಾಷೆಯಲ್ಲಿ, ಮನೆಯಲ್ಲಿ ಮಾಡಿ ನೋಡಬಹುದಾದದ್ದು ಯಾವುದು, ಪ್ರಾಣಿ ಇದೆಯಾ ಅಂತ ಬರೆಯುತ್ತೇನೆ. ಇದೇ ಸಿನಿಮಾದ ಮುಂದಿನ ಭಾಗ 2011ರದು. ಅದನ್ನೂ ಒಬ್ಬಳೇ ಕೂತು ನೋಡಿದೆ. ಅದರಲ್ಲಿ ಖಳನಾಯಕ ಮೊರಿಯಾರ್ಟಿ ಹೋಮ್ಸ್‌ನನ್ನು ಕೊಕ್ಕೆಗೆ ಸಿಕ್ಕಿಸಿ ನೇತಾಡಿಸುತ್ತಾನೆ, ಚೀರಾಟ ಕೇಳುತ್ತದೆ. ಅಲ್ಲಿ ಬಿಡಿಸಿ ಹೇಳಲು ಒಗಟಿಲ್ಲ, ನೋವು ಮಾತ್ರ ಇದೆ. ದೊಡ್ಡವಳಿಗೆ ಸರಿ. ಹುಡುಗನಿಗೆ ಇನ್ನೂ ಮೂರು ವರ್ಷ ಬೇಡ ಅಂತ ನಿರ್ಧರಿಸಿ ಅವನಿಗೆ ಹೇಳಿದೆ.

ಅವನು ಜಗಳ ಮಾಡಲಿಲ್ಲ. ಬಾಲ್ಕನಿಯ ಕಡೆ ಕೈ ತೋರಿಸಿ, "ಸರಿ, ಹಾಗಾದ್ರೆ ಕೊನೆ ಮಾತ್ರ ಈಗ್ಲೇ ಹೇಳು" ಅಂದ.